ಸುಮ್ನೆ ಕೂತ ಕಂಪ್ಯೂಟರ್ ಎಷ್ಟು ಕರೆಂಟು ತಿನ್ನುತ್ತದೆ?

ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದೆ. ಹಾಲ್‌ನಿಂದ ಗುಂಯ್ ಅಂತ ಸದ್ದು ಬರುತ್ತಿತ್ತು. ಫ್ರಿಜ್ ಇರಬೇಕು ಅಂದುಕೊಂಡೆ, ಅಲ್ಲ. ಅಪ್ಪ ಬಳಸುವ ಹಳೆಯ ಡೆಸ್ಕ್‌ಟಾಪ್. ಪರದೆ ಕಪ್ಪಾಗಿತ್ತು, ಡಬ್ಬದೊಳಗಿನ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗು ಅಂತ ನಾನೇ ಸೆಟ್ಟಿಂಗ್ ಹಾಕಿದ್ದೆ. ಆದರೂ ಅದು ಮಲಗಿರಲಿಲ್ಲ.

ಮರುದಿನ ಲೆಕ್ಕಕ್ಕೆ ಕೂತೆ. 1000 ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಸಾಮಾನ್ಯ ಡೆಸ್ಕ್‌ಟಾಪ್ ಏನೂ ಕೆಲಸವಿಲ್ಲದೆ ಚಾಲೂ ಇದ್ದಾಗಲೂ ಸುಮಾರು 40ರಿಂದ 70 ವ್ಯಾಟ್ ಎಳೆಯುತ್ತದೆ. 60 ಅಂತ ಹಿಡಿಯೋಣ. ದಿನಕ್ಕೆ 12 ಗಂಟೆ ಹೀಗೆ ಸುಮ್ನೆ ಓಡಿದರೆ ತಿಂಗಳಿಗೆ 360 ಗಂಟೆ, ಅಂದರೆ 21.6 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ 130 ರೂಪಾಯಿ. ಅದೇ ಹೊತ್ತು ಸ್ಲೀಪ್‌ನಲ್ಲಿದ್ದರೆ ಎಳೆಯುವುದು 2 ವ್ಯಾಟ್ ಆಸುಪಾಸು. ತಿಂಗಳಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ.

130 ರೂಪಾಯಿ ದೊಡ್ಡ ಮೊತ್ತವಲ್ಲ, ನಿಜ. ಆದರೆ ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕ ಬೇರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. 185 ಯೂನಿಟ್ ಸುತ್ತ ಓಡಾಡುವ ಮನೆಗೆ ಈ 21 ಯೂನಿಟ್ ದುಬಾರಿ.

ಲ್ಯಾಪ್‌ಟಾಪ್ ಇದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ: ಬಿಲ್ಲಿನ ಆಸೆಗೆ ಈ ಸೆಟ್ಟಿಂಗ್‌ಗಳನ್ನೆಲ್ಲ ತಡಕಾಡುವ ಅಗತ್ಯವಿಲ್ಲ. ಲ್ಯಾಪ್‌ಟಾಪ್ ಸುಮ್ನೆ ಇದ್ದಾಗ ಎಳೆಯುವುದು 5ರಿಂದ 10 ವ್ಯಾಟ್. 6 ವ್ಯಾಟ್‌ನಂತೆ ಅದೇ 360 ಗಂಟೆಗೆ ಎರಡು ಯೂನಿಟ್ ಚಿಲ್ಲರೆ. ಮನೆಯ 2000 ವ್ಯಾಟ್ ಗೀಸರ್ ಒಂದೇ ಗಂಟೆಯಲ್ಲಿ ಅಷ್ಟು ತಿಂದು ಮುಗಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಲಾಭ ಇರುವುದು ಬೇರೆ ಕಡೆ. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ತೊಡೆ ಸುಡುವುದಿಲ್ಲ, ಫ್ಯಾನು ಕಿರುಚುವುದಿಲ್ಲ.

ಎರಡು ಕೀಲಿಯ ನಡುವೆ

ಕಂಪ್ಯೂಟರ್ ಜಾಸ್ತಿ ಕೆಲಸ ಮಾಡಿದರೆ ಜಾಸ್ತಿ ಕರೆಂಟು ಎಂದು ನಾವು ಅಂದುಕೊಳ್ಳುತ್ತೇವೆ. ತಪ್ಪಲ್ಲ. ಆದರೆ ಮನೆ, ಆಫೀಸಿನ ಕಂಪ್ಯೂಟರ್‌ಗಳ ಬಹುಪಾಲು ಆಯಸ್ಸು ಕಾಯುವುದರಲ್ಲೇ ಕಳೆಯುತ್ತದೆ. 3 ಗಿಗಾಹರ್ಟ್ಸ್ ಪ್ರೊಸೆಸರ್ ಅಂದರೆ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಯಂತ್ರ. ನೀವು ಸೆಕೆಂಡಿಗೆ ಐದು ಅಕ್ಷರ ಒತ್ತುವಷ್ಟು ಚುರುಕಾಗಿದ್ದರೂ ಎರಡು ಅಕ್ಷರದ ನಡುವೆ ಅದಕ್ಕೆ 60 ಕೋಟಿ ಮಿಡಿತದಷ್ಟು ಬಿಡುವು. ಆ ಬಿಡುವಿನಲ್ಲಿ ಅದು ಏನು ಮಾಡುತ್ತದೆ ಅನ್ನುವುದೇ ಕರೆಂಟಿನ ಲೆಕ್ಕ. ಒಳ್ಳೆಯ ಸೆಟ್ಟಿಂಗ್ ಅಂದರೆ ಆ ಬಿಡುವಿನಲ್ಲಿ ಅದನ್ನು ಗಾಢವಾಗಿ ಮಲಗಲು ಬಿಡುವ ಸೆಟ್ಟಿಂಗ್. ನಿಧಾನವಾಗಿ ಕೆಲಸ ಮಾಡಿಸುವುದು ಆಮೇಲಿನ ಮಾತು.

ಮೊದಲು ಕೆಲಸದ ಹೊತ್ತಿನ ವಿಷಯ ಮುಗಿಸೋಣ. ಪ್ರೊಸೆಸರ್ ಒಳಗೆ ಕೋಟ್ಯಂತರ ಪುಟಾಣಿ ಸ್ವಿಚ್‌ಗಳು. ಪ್ರತಿ ಸ್ವಿಚ್ ಬದಲಾದಾಗ ಚೂರು ವಿದ್ಯುತ್ ತುಂಬಿ ಖಾಲಿಯಾಗುತ್ತದೆ. ವೇಗ ಎರಡು ಪಟ್ಟಾದರೆ ಖರ್ಚೂ ಎರಡು ಪಟ್ಟು, ಇದು ಸುಲಭದ ಲೆಕ್ಕ. ವೋಲ್ಟೇಜಿನ ಲೆಕ್ಕ ಹಾಗಲ್ಲ. ಅದು ವರ್ಗದಲ್ಲಿ ಏರುತ್ತದೆ. ವೋಲ್ಟೇಜನ್ನು ಶೇ. 20ರಷ್ಟು ಇಳಿಸಿದರೆ ಖರ್ಚು ಶೇ. 36ರಷ್ಟು ಇಳಿಯುತ್ತದೆ, ಯಾಕೆಂದರೆ 0.8 ಗುಣಿಸು 0.8 ಅಂದರೆ 0.64. ವೇಗವಾಗಿ ಓಡಬೇಕಾದರೆ ಪ್ರೊಸೆಸರ್‌ಗೆ ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಕೊನೆಯ ಒಂದಿಷ್ಟು ವೇಗ ಎಲ್ಲಕ್ಕಿಂತ ದುಬಾರಿ. ಬೈಕನ್ನು 50ರಲ್ಲಿ ಓಡಿಸಿದಾಗ ಸಿಗುವ ಮೈಲೇಜು 90ರಲ್ಲಿ ಸಿಗುವುದಿಲ್ಲ, ಅಲ್ವಾ? ಹಾಗೆಯೇ.

ಇಂಟೆಲ್ 2000ದಲ್ಲಿ ಲ್ಯಾಪ್‌ಟಾಪ್‌ಗಳ ಪೆಂಟಿಯಮ್ 3ಕ್ಕೆ ಸ್ಪೀಡ್‌ಸ್ಟೆಪ್ ಅಂತ ಒಂದು ಸೌಲಭ್ಯ ಕೊಟ್ಟಿತು. ವೇಗ, ವೋಲ್ಟೇಜ್ ಎರಡನ್ನೂ ಒಟ್ಟಿಗೆ ಇಳಿಸುವ ಉಪಾಯ ಅದು. ಆಗ ಇದ್ದದ್ದು ಎರಡೇ ಮೆಟ್ಟಿಲು, ಚಾರ್ಜರ್ ಹಾಕಿದಾಗ ಒಂದು, ಬ್ಯಾಟರಿಯಲ್ಲಿದ್ದಾಗ ಒಂದು. ಈಗಿನ ಪ್ರೊಸೆಸರ್ ಸೆಕೆಂಡಿಗೆ ಎಷ್ಟೋ ಸಲ ತಾನೇ ಏರಿಳಿಯುತ್ತದೆ. ಅದಕ್ಕೇ ‘ವೇಗ ಕಮ್ಮಿ ಮಾಡುವ’ ಆ್ಯಪ್‌ಗಳನ್ನು ಹುಡುಕಿ ಹಾಕಿಕೊಳ್ಳಬೇಡಿ. ಪ್ರೊಸೆಸರ್ ತಾನೇ ಮಾಡಿಕೊಳ್ಳುತ್ತಿರುವ ಕೆಲಸಕ್ಕೆ ಅವು ಅಡ್ಡ ಬರುವುದೇ ಜಾಸ್ತಿ.

ನೀವು ಮಾಡಬೇಕಾದದ್ದು ಅದಕ್ಕೆ ನಿಮ್ಮ ಒಲವು ತಿಳಿಸುವುದು ಅಷ್ಟೇ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಪವರ್. ಅಲ್ಲಿ ಪವರ್ ಮೋಡ್ ಎಂಬಲ್ಲಿ ‘ಬೆಸ್ಟ್ ಪವರ್ ಎಫಿಷಿಯನ್ಸಿ’ ಆರಿಸಿ. ಬ್ರೌಸಿಂಗ್, ವರ್ಡ್, ಮೀಟಿಂಗ್ ಇಂಥವಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅದೇ ಪುಟದಲ್ಲಿ ‘ಎನರ್ಜಿ ರೆಕಮೆಂಡೇಷನ್ಸ್’ ಅಂತ ಒಂದು ಸಾಲಿದೆ. ಎಲ್ಲ ಉಳಿತಾಯದ ಸೆಟ್ಟಿಂಗ್‌ಗಳೂ ಒಂದೇ ಕಡೆ ಸಿಗುತ್ತವೆ. ಓದಿ ಒಪ್ಪಿಗೆಯಾದದ್ದನ್ನು ಹಾಕಿಕೊಳ್ಳಬಹುದು. 24ಎಚ್2 ಆವೃತ್ತಿಯಿಂದ ‘ಎನರ್ಜಿ ಸೇವರ್’ ಡೆಸ್ಕ್‌ಟಾಪ್‌ನಲ್ಲೂ ಕೆಲಸ ಮಾಡುತ್ತದೆ. ಅದಕ್ಕೂ ಮುಂಚೆ ಇದ್ದ ‘ಬ್ಯಾಟರಿ ಸೇವರ್’ ಹೆಸರಿಗೆ ತಕ್ಕಂತೆ ಬ್ಯಾಟರಿ ಇದ್ದವರಿಗೆ ಮಾತ್ರ ಇತ್ತು.

ಇನ್ನೊಂದು ಹಳೆಯ ಕೈಚಳಕವೂ ಇದೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ಒಳಗೆ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅಂತ ಇರುತ್ತದೆ. ಅದನ್ನು 100ರಿಂದ 99ಕ್ಕೆ ಇಳಿಸಿ ನೋಡಿ. ಒಂದೇ ಒಂದು ಶೇಕಡ ಇಳಿಸಿದ ಹಾಗೆ ಕಂಡರೂ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಟರ್ಬೊ ವೇಗ ಪೂರ್ತಿ ನಿಂತುಹೋಗುತ್ತದೆ. ಆ ದುಬಾರಿ ಕೊನೆಯ ವೇಗವೇ ಟರ್ಬೊ. ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದ ಕಾವಲಿಯಂತಾದರೆ ಇದು ತಕ್ಷಣ ತಂಪು ಮಾಡುತ್ತದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣಿಸುವುದೇ ಇಲ್ಲ.

ಹಾಗಂತ 99ರ ಬದಲು 30 ಅಂತ ಹಾಕಬೇಡಿ. ಕೆಲಸ ಎಳೆದಷ್ಟೂ ಪರದೆ, ಮೆಮೊರಿ, ಡಿಸ್ಕು, ವೈಫೈ ಎಲ್ಲವೂ ಅದರ ಜೊತೆ ಎಚ್ಚರ ಇರಬೇಕು. ಎರಡು ಸೆಕೆಂಡಿನಲ್ಲಿ ಮುಗಿಸಿ ಮಲಗುವುದು, ಎಂಟು ಸೆಕೆಂಡು ತೆವಳುವುದಕ್ಕಿಂತ ಅಗ್ಗವಾಗುವುದು ಬಹಳ ಸಲ. ಕಂಪ್ಯೂಟರ್ ಮಾಡುವ ಎಂಜಿನಿಯರುಗಳ ನಡುವೆ ಇದಕ್ಕೆ ‘ರೇಸ್ ಟು ಐಡಲ್’ ಎಂಬ ಮಾತೇ ಇದೆ. ಓಡಿ ಮುಗಿಸು, ಆಮೇಲೆ ಮಲಗು ಅಂತ.

ಮಧ್ಯಾಹ್ನದ ನಿದ್ದೆ

ಈಗ ನಿದ್ದೆಯ ವಿಷಯ. ಪ್ರೊಸೆಸರ್ ನಿದ್ದೆಗೆ ಹಲವು ಆಳಗಳಿವೆ. ಮೇಲಿನ ಹಂತದಲ್ಲಿ ಮಿಡಿತ ಮಾತ್ರ ನಿಲ್ಲುತ್ತದೆ. ಇನ್ನೂ ಆಳಕ್ಕೆ ಹೋದರೆ ಒಳಗಿನ ಒಂದೊಂದು ಕೋರ್‌ನ, ಅಂದರೆ ಲೆಕ್ಕ ಮಾಡುವ ಘಟಕದ, ಕರೆಂಟನ್ನೇ ತೆಗೆದುಬಿಡುತ್ತದೆ. ಸಿ1, ಸಿ6, ಸಿ10 ಅಂತೆಲ್ಲ ಹೆಸರು. ಸಂಖ್ಯೆ ದೊಡ್ಡದಾದಷ್ಟೂ ನಿದ್ದೆ ಗಾಢ. ಆದರೆ ಆಳಕ್ಕೆ ಇಳಿಯಲೂ ಸಮಯ ಬೇಕು, ಏಳಲೂ ಬೇಕು.

ಮಧ್ಯಾಹ್ನ ಊಟ, ಪಾತ್ರೆ ಎಲ್ಲ ಮುಗಿಸಿ ಅಮ್ಮ ಒಂದು ಗಳಿಗೆ ಅಡ್ಡಾಗುತ್ತಾರೆ. ಕಣ್ಣು ಹತ್ತುವಷ್ಟರಲ್ಲಿ ಕೊರಿಯರ್‌ನವನು ಬೆಲ್ ಮಾಡುತ್ತಾನೆ. ಹೋಗಿ ಬಂದು ಮಲಗಿದರೆ ಪಕ್ಕದ ಮನೆಯವರು. ಆಮೇಲೆ ಗ್ಯಾಸ್ ಸಿಲಿಂಡರ್. ಒಟ್ಟು ಒಂದೂವರೆ ಗಂಟೆ ಮಲಗಿದ್ದರೂ ಅದು ನಿದ್ದೆಯಲ್ಲ. ಪ್ರೊಸೆಸರ್ ಕಥೆಯೂ ಇದೇ. ಎಷ್ಟು ಕೆಲಸ ಇದೆ ಅನ್ನುವುದಕ್ಕಿಂತ ಎಷ್ಟು ಸಲ ಎಬ್ಬಿಸುತ್ತಾರೆ ಅನ್ನುವುದು ಮುಖ್ಯ.

ವಿಂಡೋಸ್‌ನ ಒಳಗಡಿಯಾರ ಸಾಮಾನ್ಯವಾಗಿ ಸೆಕೆಂಡಿಗೆ 64 ಸಲ ಟಿಕ್ ಅನ್ನುತ್ತದೆ. ಯಾವುದಾದರೂ ಪ್ರೋಗ್ರಾಂ ಕೇಳಿಕೊಂಡರೆ ಅದು ಸೆಕೆಂಡಿಗೆ 1000 ಸಲದವರೆಗೂ ಏರುತ್ತದೆ. ಗೂಗಲ್ ಕ್ರೋಮ್ ಬೇಕಿಲ್ಲದಾಗಲೂ ಹೀಗೆ ಕೇಳಿಕೊಂಡು ಬ್ಯಾಟರಿ ಖಾಲಿ ಮಾಡುತ್ತದೆ ಅನ್ನುವುದು 2014ರಲ್ಲಿ ಸುದ್ದಿಯಾಗಿತ್ತು. ಆಮೇಲೆ ಸರಿಪಡಿಸಿದರು. ಪುಟ ಸುಮ್ನೆ ತೆರೆದಿದ್ದರೂ ಕರೆಂಟು ಹೋಗುತ್ತಿತ್ತು, ಅದೂ ಒಂದು ಗಡಿಯಾರದ ಕಾರಣಕ್ಕೆ! ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಇಂಥ ಕಳ್ಳರನ್ನು ಹಿಡಿಯಲು ಇಂಟೆಲ್ 2007ರಲ್ಲೇ ಪವರ್‌ಟಾಪ್ ಎಂಬ ಉಪಕರಣ ಕೊಟ್ಟಿತು. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸಲ ಪ್ರೊಸೆಸರ್ ಎಬ್ಬಿಸುತ್ತಿದೆ ಎಂದು ಅದು ಪಟ್ಟಿ ತೋರಿಸುತ್ತದೆ. ಆಪಲ್ 2013ರಲ್ಲಿ ತನ್ನ ಮ್ಯಾಕ್ ಕಂಪ್ಯೂಟರ್‌ಗಳ ಮ್ಯಾವರಿಕ್ಸ್ ಆವೃತ್ತಿಯಲ್ಲಿ ತಂದ ಉಪಾಯ ಇನ್ನೂ ಚೆಂದ. ಎಲ್ಲ ಬೆಲ್‌ಗಳನ್ನೂ ಒಂದೇ ಹೊತ್ತಿಗೆ ಗುಡ್ಡೆ ಹಾಕಿ ಒಮ್ಮೆಲೇ ಬಾರಿಸುವುದು. ಅಮ್ಮ ಒಂದೇ ಸಲ ಎದ್ದು ಕೊರಿಯರ್, ಸಿಲಿಂಡರ್ ಎರಡೂ ಮುಗಿಸಿ ಬಂದ ಹಾಗೆ.

ನಮ್ಮ ಕೈಲಾಗುವುದು ಏನು? ಕಂಪ್ಯೂಟರ್ ಶುರುವಾದಾಗಲೇ ಎದ್ದು ಕೂರುವ ಪ್ರೋಗ್ರಾಂಗಳನ್ನು ಕಮ್ಮಿ ಮಾಡುವುದು. ಟಾಸ್ಕ್ ಮ್ಯಾನೇಜರ್ ತೆರೆದು ‘ಸ್ಟಾರ್ಟಪ್ ಆ್ಯಪ್ಸ್’ ನೋಡಿ. ವರ್ಷಕ್ಕೊಮ್ಮೆ ಬಳಸುವ ಪ್ರಿಂಟರ್‌ನ ಸಹಾಯಕ, ಎಂದೋ ಹಾಕಿದ ಮೀಟಿಂಗ್ ಆ್ಯಪ್, ಆಟದ ಅಂಗಡಿ, ಎಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ. ಬೇಡದ್ದನ್ನು ‘ಡಿಸೇಬಲ್’ ಮಾಡಿದರೆ ಆಯಿತು, ಅಳಿಸಬೇಕಿಲ್ಲ. ಆಂಟಿವೈರಸ್ ಮಾತ್ರ ಮುಟ್ಟಬೇಡಿ. ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಡುವ ಚಟ ನನಗೂ ಇದೆ, ಅದರ ಬಗ್ಗೆ ಉಪದೇಶ ಮಾಡುವುದಿಲ್ಲ. ಈಗಿನ ಬ್ರೌಸರ್‌ಗಳು ಹಿಂದೆ ಬಿದ್ದ ಟ್ಯಾಬ್‌ಗಳನ್ನು ತಾವೇ ಮಲಗಿಸುತ್ತವೆ. ಆ ಸೆಟ್ಟಿಂಗ್ ಆನ್ ಇದೆಯಾ ನೋಡಿಕೊಳ್ಳಿ, ಸಾಕು.

ಪರದೆ

ಲ್ಯಾಪ್‌ಟಾಪ್ ಸುಮ್ನೆ ಇದ್ದಾಗ ಆಗುವ ಖರ್ಚಿನಲ್ಲಿ ದೊಡ್ಡ ಪಾಲು ಪರದೆಯದು. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸುವುದಕ್ಕಿಂತ ಸುಲಭದ ಉಳಿತಾಯ ಇನ್ನೊಂದಿಲ್ಲ. 144 ಹರ್ಟ್ಸ್ ಪರದೆ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು ಇದ್ದರೆ ಬ್ಯಾಟರಿಯಲ್ಲಿರುವಾಗ 60ಕ್ಕೆ ಇಳಿಸಿ. ಅಕ್ಷರ ಓದುವುದಕ್ಕೆ 60 ಧಾರಾಳ.

ಡಾರ್ಕ್ ಮೋಡ್ ಹಾಕಿದರೆ ಕರೆಂಟು ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಒಎಲ್‌ಇಡಿ ಪರದೆಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಅಂದರೆ ದೀಪ ಆರಿದಂತೆ. ಅಲ್ಲಿ ಉಳಿತಾಯ ನಿಜ. ಆದರೆ ಹೆಚ್ಚಿನ ಲ್ಯಾಪ್‌ಟಾಪ್, ಮಾನಿಟರ್‌ಗಳದು ಎಲ್‌ಸಿಡಿ ಪರದೆ. ಅಲ್ಲಿ ಹಿಂದೊಂದು ದೀಪ ಸದಾ ಉರಿಯುತ್ತದೆ, ಮುಂದಿನ ಪದರ ಅದನ್ನು ತಡೆಯುತ್ತದೆ ಅಷ್ಟೇ. ಕಿಟಕಿಗೆ ಕಪ್ಪು ಪರದೆ ಕಟ್ಟಿದರೆ ಒಳಗಿನ ಬಲ್ಬು ಆರುವುದಿಲ್ಲವಲ್ಲ. ಕಣ್ಣಿಗೆ ಹಿತ ಅನ್ನಿಸಿದರೆ ಡಾರ್ಕ್ ಮೋಡ್ ಹಾಕಿಕೊಳ್ಳಿ, ಬಿಲ್ಲಿನ ಮಾತು ಬೇಡ.

ಸ್ಕ್ರೀನ್‌ಸೇವರ್ ಕೂಡ ಇಂಥದ್ದೇ ತಪ್ಪು ತಿಳಿವಳಿಕೆ. ಹೆಸರಲ್ಲಿ ‘ಸೇವ್’ ಇರುವುದು ಪರದೆಯನ್ನು ಉಳಿಸಲು. ಹಳೆಯ ಡಬ್ಬ ಮಾನಿಟರ್‌ನಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಅದರ ಗುರುತು ಉಳಿದುಬಿಡುತ್ತಿತ್ತು. ಆ ಕಾಲ ಹೋಯಿತು. ಈಗಲೂ ಕೆಲವು ಆಫೀಸುಗಳಲ್ಲಿ ರಾತ್ರಿಯಿಡೀ ಬಣ್ಣದ ಗುಳ್ಳೆಗಳು ತೇಲುತ್ತಿರುತ್ತವೆ. ನೋಡುವವರು ಸೆಕ್ಯೂರಿಟಿಯವರು ಒಬ್ಬರೇ.

ಆಫೀಸಿನ ಮಾತು ಬಂತಲ್ಲ, ಅಲ್ಲಿಯ ಲೆಕ್ಕವೇ ಬೇರೆ. 50 ವ್ಯಾಟ್‌ನ 1000 ಡೆಸ್ಕ್‌ಟಾಪ್ ರಾತ್ರಿ 14 ಗಂಟೆ ಸುಮ್ನೆ ಓಡಿದರೆ 700 ಯೂನಿಟ್, ಒಂದೇ ರಾತ್ರಿಗೆ. ಕೇಳಿದರೆ ಅಪ್‌ಡೇಟ್ ಹಾಕಬೇಕು, ಮನೆಯಿಂದ ಯಾರಾದರೂ ಕನೆಕ್ಟ್ ಆಗಬಹುದು ಅನ್ನುತ್ತಾರೆ. ಮಲಗಿರುವ ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದಲೇ ಎಬ್ಬಿಸುವ ‘ವೇಕ್ ಆನ್ ಲ್ಯಾನ್’ ಬಂದು ಎರಡು ದಶಕ ದಾಟಿದೆ.

ಮಲಗುವ ಬಗೆಗಳು

ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಮೂರಕ್ಕೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಮುಗಿಯಿತು. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ಎಸಿಪಿಐ ಎಂಬ ನಿಯಮಾವಳಿ ಹೊರತಂದವು. ಈ ಹಂತಗಳಿಗೆ ಅಲ್ಲಿ ನಂಬರು ಕೊಟ್ಟಿದ್ದಾರೆ. ಎಸ್3 ಅಂದರೆ ಸ್ಲೀಪ್. ಮೆಮೊರಿಗೆ ಮಾತ್ರ ಚೂರು ಕರೆಂಟು, ಉಳಿದದ್ದೆಲ್ಲ ಬಂದ್. ಎಸ್4 ಅಂದರೆ ಹೈಬರ್ನೇಟ್. ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರುತ್ತದೆ. ಎಸ್5 ಶಟ್‌ಡೌನ್. ಹೈಬರ್ನೇಟ್‌ಗೂ ಶಟ್‌ಡೌನ್‌ಗೂ ಕರೆಂಟಿನ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ತೆರೆದಿಟ್ಟ ಕೆಲಸ ಉಳಿಯುತ್ತದೋ ಇಲ್ಲವೋ ಅಷ್ಟೇ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇಲ್ಲ. ಅದರ ಜಾಗದಲ್ಲಿ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಇದೆ. ಮೊಬೈಲಿನಂತೆ ಪರದೆ ಆರಿದರೂ ಒಳಗೆ ಅರೆ ಎಚ್ಚರ. ಮೇಲ್ ಬರುತ್ತದೆ, ಅಪ್‌ಡೇಟ್ ಇಳಿಯುತ್ತದೆ. ಮುಚ್ಚಳ ತೆಗೆದರೆ ತಕ್ಷಣ ಸಿದ್ಧ. ಯೋಚನೆ ಒಳ್ಳೆಯದೇ. ಆದರೆ ಯಾವುದೋ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಂ) ಹಟ ಹಿಡಿದರೆ ಅರೆ ಎಚ್ಚರ ಪೂರ್ತಿ ಎಚ್ಚರ ಆಗುತ್ತದೆ. ಒಮ್ಮೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವಾಗ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ ಲ್ಯಾಪ್‌ಟಾಪ್ ಬೆಳಿಗ್ಗೆ ಇಡ್ಲಿ ಪಾತ್ರೆಯಷ್ಟು ಬಿಸಿ ಇತ್ತು. ಬ್ಯಾಟರಿ ಸೊನ್ನೆ. ಅವತ್ತಿನಿಂದ ಬ್ಯಾಗಿಗೆ ಹಾಕುವ ಮುಂಚೆ ಹೈಬರ್ನೇಟ್ ಮಾಡುತ್ತೇನೆ.

ಹೈಬರ್ನೇಟ್ ಆಯ್ಕೆ ಮೆನುವಿನಲ್ಲಿ ಕಾಣದಿದ್ದರೆ ಗಾಬರಿ ಬೇಡ, ಅಡಗಿಸಿಟ್ಟಿದ್ದಾರೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಒತ್ತಿದರೆ ಏನಾಗಬೇಕು ಎಂದು ಕೇಳುವ ಪುಟ ತೆರೆಯಿರಿ. ಮೇಲಿರುವ ‘ಚೇಂಜ್ ಸೆಟ್ಟಿಂಗ್ಸ್’ ಕೊಂಡಿ ಒತ್ತಿದರೆ ಕೆಳಗಿನ ಬಾಕ್ಸುಗಳು ಜೀವ ತಳೆಯುತ್ತವೆ. ಹೈಬರ್ನೇಟ್‌ಗೆ ಟಿಕ್ ಹಾಕಿ. ಅಲ್ಲೇ ಮುಚ್ಚಳ ಮುಚ್ಚಿದಾಗಲೂ ಹೈಬರ್ನೇಟ್ ಆಗುವಂತೆ ಮಾಡಬಹುದು.

ಡೆಸ್ಕ್‌ಟಾಪ್ ಜೊತೆ ಪುಟ್ಟ ಯುಪಿಎಸ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 600 ವಿಎ ಯುಪಿಎಸ್ ಒಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಒಂದೇ ಬ್ಯಾಟರಿ. ಗುಣಿಸಿದರೆ 84 ವ್ಯಾಟ್ ಅವರ್, ಅದೂ ಕಾಗದದ ಮೇಲೆ. ಸೀಸದ ಬ್ಯಾಟರಿಯ ಗುಣ ಏನೆಂದರೆ ಜೋರಾಗಿ ಎಳೆದಷ್ಟೂ ಅದು ಒಟ್ಟು ಕೊಡುವುದೇ ಕಮ್ಮಿ. 150 ವ್ಯಾಟ್ ಎಳೆಯುವ ಬದಲು 50 ವ್ಯಾಟ್ ಎಳೆದರೆ ಮೂರು ಪಟ್ಟಲ್ಲ, ಮೂರು ಪಟ್ಟಿಗಿಂತ ಜಾಸ್ತಿ ಹೊತ್ತು ಬರುತ್ತದೆ. ಕರೆಂಟು ಹೋದ ಕೂಡಲೇ ಬ್ರೈಟ್‌ನೆಸ್ ಇಳಿಸಿ, ಪವರ್ ಮೋಡ್ ಬದಲಿಸಿ, ವಿಡಿಯೋ ಮುಚ್ಚಿದರೆ ಫೈಲು ಉಳಿಸಿಕೊಳ್ಳಲು ಮಾತ್ರವಲ್ಲ, ಮೇಲ್ ಬರೆದು ಮುಗಿಸಲೂ ಸಮಯ ಸಿಗುತ್ತದೆ.

ಆಟದ ಪಿಸಿ ಇದ್ದವರು ಇದನ್ನೆಲ್ಲ ಓದಿ ನಗುತ್ತಿರಬಹುದು. ಅವರ ಗ್ರಾಫಿಕ್ಸ್ ಕಾರ್ಡೊಂದೇ 200, 300 ವ್ಯಾಟ್ ಎಳೆಯುತ್ತದೆ. ಅವರಿಗೆ ಎರಡೇ ಮಾತು. ಪರದೆ ತೋರಿಸಬಲ್ಲಷ್ಟಕ್ಕೇ ಎಫ್‌ಪಿಎಸ್‌ಗೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳಿಗೆ, ಮಿತಿ ಹಾಕಿ. ಕಾರ್ಡಿನ ಪವರ್ ಲಿಮಿಟನ್ನು ಶೇ. 80ಕ್ಕೆ ಇಳಿಸಿ ನೋಡಿ. ವೋಲ್ಟೇಜಿನ ಅದೇ ವರ್ಗದ ಲೆಕ್ಕದಿಂದ ಕರೆಂಟು ಬಹಳ ಉಳಿದು ಆಟದ ವೇಗ ಸ್ವಲ್ಪವೇ ಇಳಿಯುತ್ತದೆ.

ಮಲಗಲು ಬಿಡದವರು

ಸರಿ, ಅಪ್ಪನ ಡೆಸ್ಕ್‌ಟಾಪ್ ಯಾಕೆ ಮಲಗಲಿಲ್ಲ? ಸ್ಲೀಪ್ ಸೆಟ್ಟಿಂಗ್ ಹಾಕಿದರೆ ಸಾಲದು. ಯಾವುದೇ ಪ್ರೋಗ್ರಾಂ ‘ನಾನು ಕೆಲಸದಲ್ಲಿದ್ದೇನೆ, ಮಲಗಬೇಡ’ ಅಂತ ವಿಂಡೋಸ್‌ಗೆ ಹೇಳಬಹುದು. ಇದು ಬೇಕಾದ ಸೌಲಭ್ಯವೇ. ಇಲ್ಲದಿದ್ದರೆ ಸಿನಿಮಾ ನೋಡುವಾಗ ಅರ್ಧಕ್ಕೆ ಪರದೆ ಆರಿಬಿಡುತ್ತಿತ್ತು. ತೊಂದರೆ ಏನೆಂದರೆ ಕೇಳಿಕೊಂಡವರು ಎಷ್ಟೋ ಸಲ ಸುಮ್ಮನಾಗುವುದೇ ಇಲ್ಲ.

ಅವರ ಹೆಸರು ತಿಳಿಯಲು ಒಂದು ದಾರಿ ಇದೆ. ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯಿರಿ. ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಅಕ್ಷರ ಅಂಟಿಸಿ ಬರೆಯಿರಿ. ಇದೇ ಪವರ್‌ಸಿಎಫ್‌ಜಿ ಕಮಾಂಡ್. ಒಂದು ಜಾಗ ಬಿಟ್ಟು, ಓರೆ ಗೆರೆ (/) ಹಾಕಿ, ರಿಕ್ವೆಸ್ಟ್ಸ್ ಎಂದು ಸೇರಿಸಿ ಎಂಟರ್ ಒತ್ತಿ. ಯಾರು ಎಚ್ಚರ ಇಟ್ಟಿದ್ದಾರೆ ಎಂಬ ಪಟ್ಟಿ ಬರುತ್ತದೆ. ರಿಕ್ವೆಸ್ಟ್ಸ್ ಜಾಗದಲ್ಲಿ ಲಾಸ್ಟ್‌ವೇಕ್ ಎಂದು ಒಂದೇ ಪದವಾಗಿ ಬರೆದರೆ ಕೊನೆಯ ಸಲ ಎಬ್ಬಿಸಿದ್ದು ಯಾವುದು ಎಂದು ಹೇಳುತ್ತದೆ. ಬ್ಯಾಟರಿರಿಪೋರ್ಟ್ ಎಂದರೆ ಬ್ಯಾಟರಿಯ ಜಾತಕ. ಬರೀ ‘ಎ’ ಅಕ್ಷರ ಹಾಕಿದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಸ್3 ಇದೆಯೋ ಮಾಡರ್ನ್ ಸ್ಟ್ಯಾಂಡ್‌ಬೈ ಇದೆಯೋ ಗೊತ್ತಾಗುತ್ತದೆ.

ನನಗೆ ಸಿಕ್ಕ ಪಟ್ಟಿಯಲ್ಲಿ ಆಡಿಯೋ ಡ್ರೈವರ್ ಹೆಸರು ಇತ್ತು, ‘ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ’ ಎಂಬ ಸಾಲಿನ ಜೊತೆ. ಬ್ರೌಸರ್ ತೆರೆದು ನೋಡಿದೆ. ಎಲ್ಲ ಟ್ಯಾಬ್‌ಗಳ ಹಿಂದೆ ಯಾವುದೋ ದೇವಸ್ಥಾನದ ನೇರ ಪ್ರಸಾರ ನಡೆಯುತ್ತಿತ್ತು. ಅಪ್ಪ ಬೆಳಿಗ್ಗೆ ಪೂಜೆ ಕೇಳಿ, ಆಮೇಲೆ ಸ್ಪೀಕರ್‌ನ ಗುಂಡಿ ತಿರುಗಿಸಿ ಸದ್ದು ಸೊನ್ನೆ ಮಾಡುತ್ತಿದ್ದರು. ಅವರ ಪ್ರಕಾರ ಅದು ಆಫ್. ಕಂಪ್ಯೂಟರ್ ಪ್ರಕಾರ ಮನೆಯವರು ಇನ್ನೂ ಪೂಜೆ ಕೇಳುತ್ತಿದ್ದಾರೆ.

ಟ್ಯಾಬ್ ಮುಚ್ಚುವುದು ಹೇಗೆಂದು ತೋರಿಸಿಕೊಟ್ಟೆ. ಅವತ್ತು ರಾತ್ರಿ ಡೆಸ್ಕ್‌ಟಾಪ್ ಹದಿನೈದೇ ನಿಮಿಷಕ್ಕೆ ತೆಪ್ಪಗಾಯಿತು. ಬೆಳಿಗ್ಗೆ ಅಪ್ಪ ಕೇಳಿದರು: “ಏನೋ ಇದು, ಸಣ್ಣ ಲೈಟೊಂದು ಮಿಣುಕ್ತಾ ಇತ್ತು. ಇನ್ನೂ ಪೂರ್ತಿ ಆಫ್ ಆಗಿಲ್ಲ ಅಂತ ಗೋಡೆ ಸ್ವಿಚ್ಚೇ ತೆಗೆದೆ. ಸರಿ ತಾನೆ?”

ಸ್ಲೀಪ್‌ನಲ್ಲಿರುವಾಗ ಗೋಡೆಯ ಸ್ವಿಚ್ ತೆಗೆದರೆ ಮೆಮೊರಿಯಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ನಾನು ಅರ್ಧ ಬರೆದಿಟ್ಟ ಒಂದು ಫೈಲು ಅದರಲ್ಲಿ ತೆರೆದಿತ್ತು. ಪುಣ್ಯಕ್ಕೆ ಡೆಸ್ಕ್‌ಟಾಪ್‌ಗಳಿಗೆಂದು ವಿಂಡೋಸ್‌ನಲ್ಲಿ ‘ಹೈಬ್ರಿಡ್ ಸ್ಲೀಪ್’ ಅಂತ ಇದೆ. ಮಲಗುವ ಮುಂಚೆ ಡಿಸ್ಕಿನಲ್ಲೂ ಒಂದು ಪ್ರತಿ ಬರೆದಿಟ್ಟುಕೊಳ್ಳುತ್ತದೆ. ಸ್ವಿಚ್ ಹಾಕಿ ಬಟನ್ ಒತ್ತಿದೆ. ಒಂದರ್ಧ ನಿಮಿಷ ಜಾಸ್ತಿ ತೆಗೆದುಕೊಂಡು ಬಿಟ್ಟ ಸಾಲಿನಲ್ಲೇ ಫೈಲು ಬಂದು ನಿಂತಿತು.

“ಸರಿ ಅಪ್ಪ,” ಅಂದೆ.